ಬೈಕಿನ ಮೇಲಿನ ಉಡುಪು ಯಾರಿಗಾಗಿ?

ಹೊಸ ಬೈಕು ಕೊಂಡವರು ಅದನ್ನು ಮೊದಲು ದೇವಾಲಯದ ಅಂಗಳಕ್ಕೆ ತಂದು ಗುರುಗಳಿಂದ ಆಶೀರ್ವಾದ ಪಡೆಯುವುದು ನಮ್ಮಲ್ಲಿ ರೂಢಿ. ಕನ್ನಡಿಗೆ ಜಪಸರ ತೂಗುತ್ತದೆ, ಕೀಲಿಕೈ ಗೊಂಚಲಿನಲ್ಲಿ ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಪದಕ ಇರುತ್ತದೆ. ಒಳ್ಳೆಯ ರೂಢಿ, ಇದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಬೈಕಿಗೆ ಲಕ್ಷ ರೂಪಾಯಿ ಎಣಿಸಿ ಕೊಟ್ಟ ಅದೇ ಕೈ ಹೆಲ್ಮೆಟ್ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಚೌಕಾಸಿ ಮಾಡುತ್ತದೆ. ಹಿಂದೆ ಕೂರುವ ಹೆಂಡತಿಗೂ ಒಂದು ಎಂದಾಗ ಇನ್ನಷ್ಟು ಬಿಗಿಯಾಗುತ್ತದೆ. ಮಗುವಿಗೆ ಎಂಬ ಯೋಚನೆ ಅಲ್ಲಿ ಬರುವುದೇ ಅಪರೂಪ. ಬೈಕಿನ ಮೇಲೆ ಏನು ತೊಡಬೇಕೆಂಬುದು ಅಂಗಡಿಯವರ ವಿಷಯ, ಪೊಲೀಸರ ವಿಷಯ ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ಪ್ರಿಯ ಓದುಗರೇ, ಅದು ನಮ್ಮ ಅಂತಃಸಾಕ್ಷಿಯ ವಿಷಯವೂ ಹೌದೇ ಎಂದು ಈ ವಾರ ಸ್ವಲ್ಪ ಯೋಚಿಸೋಣ.

"ನನ್ನ ತಲೆ, ನನ್ನ ಇಷ್ಟ; ಬಿದ್ದರೆ ಏಟು ನನಗೆ ತಾನೆ?" ಎನ್ನುವ ಯುವಕರಿದ್ದಾರೆ. ಈ ಮಾತನ್ನು ಉಡಾಫೆ ಎಂದು ತಳ್ಳಿಹಾಕುವಂತಿಲ್ಲ. ಮತ್ತೊಬ್ಬರಿಗೆ ಹಾನಿಯಾಗದಿದ್ದರೆ ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕೆಂದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ವಾದಿಸಿದ್ದರು. ಆದರೆ ರಸ್ತೆಯ ಮೇಲೆ ಬಿದ್ದ ಮನುಷ್ಯನ ಏಟು ಅವನೊಬ್ಬನಲ್ಲೇ ನಿಲ್ಲುತ್ತದೆಯೇ? ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕಳೆಯುವವಳು ತಾಯಿ. ಒಡವೆಯನ್ನು ಗಿರವಿಗಿಡುವವಳು ಹೆಂಡತಿ. ಓದು ನಿಲ್ಲಿಸಿ ಕೆಲಸಕ್ಕೆ ಹೋಗುವವನು ತಮ್ಮ. ಡಿಕ್ಕಿ ಹೊಡೆದ ಲಾರಿಯ ಚಾಲಕನನ್ನೂ ಮರೆಯಬೇಡಿ. ಅವನ ತಪ್ಪು ಎಷ್ಟೇ ಇರಲಿ, ಒಂದು ಸಾವನ್ನು ಹೊತ್ತು ಅವನು ಉಳಿದ ಆಯುಷ್ಯ ಕಳೆಯಬೇಕು.

ಇನ್ನು ಕೆಲವರದು ಬೇರೆ ಮಾತು: "ದೇವರು ಕಾಯುತ್ತಾನೆ." ಕಾಯುತ್ತಾನೆ, ನಿಜ. ಆದರೂ ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುವರು ಎಂದು ಶೋಧಕನು ಆಮಿಷ ಒಡ್ಡಿದಾಗ ಪ್ರಭು ಯೇಸು ಧುಮುಕಲಿಲ್ಲ ಎಂಬುದನ್ನು ನೆನೆದರೆ ಸಾಕು.

ಈ ಪ್ರಶ್ನೆಗೆ ನನಗೆ ಅತ್ಯಂತ ಹತ್ತಿರವೆಂದು ತೋರುವುದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ ಒಂದು ಸಣ್ಣ ಕಟ್ಟಳೆ. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದವನ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ ಎಂಬುದು ಅದರ ಸಾರಾಂಶ. ಆ ನಾಡಿನ ಮನೆಗಳ ಮಾಳಿಗೆ ಸಮತಟ್ಟು. ಜನ ಅಲ್ಲಿ ಕೂರುತ್ತಿದ್ದರು, ಮಲಗುತ್ತಿದ್ದರು. ತನ್ನ ಮಾಳಿಗೆಯ ಅಂಚು ಎಲ್ಲಿದೆಯೆಂದು ಯಜಮಾನನಿಗೆ ಗೊತ್ತು, ಅವನು ಕತ್ತಲಲ್ಲೂ ನಡೆದಾನು. ಬೀಳುವವರು ಅತಿಥಿ, ಮಗು, ಕೂಲಿಯಾಳು. ಆದುದರಿಂದಲೇ ಆ ಕಟ್ಟಳೆ ಯಜಮಾನನ ಧೈರ್ಯ ಎಷ್ಟೆಂದು ಕೇಳುವುದಿಲ್ಲ, ಅವನ ಮನೆಗೆ ಬರುವವರು ಯಾರೆಂದು ಕೇಳುತ್ತದೆ. ಬೈಕಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಅದರ ಮೇಲೆ ಕುಳಿತವರಿಗೆ ತೊಟ್ಟ ಉಡುಪೇ ಗೋಡೆ.

ಭಾನುವಾರ ಬಲಿಪೂಜೆ ಮುಗಿದು ಜನ ಹೊರಡುವಾಗ ಸ್ವಲ್ಪ ಹೊತ್ತು ನಿಂತು ನೋಡಿ. ಗಂಡನ ತಲೆಯ ಮೇಲೆ ಮುಖ ಮುಚ್ಚುವ ಒಳ್ಳೆಯ ಹೆಲ್ಮೆಟ್. ಹಿಂದೆ ಒಂದೇ ಕಡೆಗೆ ಕಾಲಿಳಿಬಿಟ್ಟು ಕುಳಿತ ಹೆಂಡತಿಯ ತಲೆಯ ಮೇಲೆ ಮಲ್ಲಿಗೆ, ಇಲ್ಲವೇ ಪೊಲೀಸರಿಗೆ ತೋರಿಸಲೆಂದೇ ಕೊಂಡ ಟೊಪ್ಪಿಗೆಯಂಥ ಅರ್ಧ ಹೆಲ್ಮೆಟ್. ಟ್ಯಾಂಕಿನ ಮೇಲೆ ಕುಳಿತ ಮಗುವಿನ ತಲೆ ಬರಿದು. ಇವರಲ್ಲಿ ಯಾರೂ ಪ್ರೀತಿಯಿಲ್ಲದವರಲ್ಲ. "ಇಲ್ಲೇ ಹತ್ತಿರ ತಾನೆ" ಎಂಬ ಒಂದು ಮಾತು ಸಾಕಾಗುತ್ತದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029. ಈ ಸಂಖ್ಯೆಯೊಳಗೆ 14,337 ಮಂದಿ ಹಿಂದೆ ಕುಳಿತವರು. ಅವರ ಕೈಯಲ್ಲಿ ಬ್ರೇಕು ಇರಲಿಲ್ಲ, ವೇಗ ಇರಲಿಲ್ಲ. ಮುಂದೆ ಕುಳಿತವನನ್ನು ನಂಬಿ ಕುಳಿತಿದ್ದರು.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂಬ ನಿಯಮ 2016ರ ಜನವರಿಯಲ್ಲಿ ಜಾರಿಗೆ ಬಂತು. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ಟಿನ ಜೊತೆಗೆ ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ನಿಯಮಗಳೇ ಹೇಳಿವೆ. ನಾವು ಅದನ್ನು ಸ್ಯಾರಿ ಗಾರ್ಡ್ ಎನ್ನುತ್ತೇವೆ. ಬೈಕು ಚೆನ್ನಾಗಿ ಕಾಣಲಿ ಎಂದು ಅದನ್ನು ಬಿಚ್ಚಿಸುವ ಹುಡುಗರಿದ್ದಾರೆ. ಅದೇ ಬೈಕಿನ ಹಿಂದೆ ತಂಗಿ ದುಪಟ್ಟಾ ಹಾಕಿಕೊಂಡು ಕೂರುತ್ತಾಳೆ. ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಎಳೆಯುವುದು ಕುತ್ತಿಗೆಯನ್ನೇ. ಸೆರಗನ್ನೂ ದುಪಟ್ಟಾವನ್ನೂ ಮುಂದಕ್ಕೆ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುವುದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಹೆಲ್ಮೆಟ್ ಆರಿಸುವುದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಐಎಸ್‌ಐ ಗುರುತು ಇರಲಿ; 2021ರ ಜೂನ್‌ನಿಂದ ಆ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ, ಆದರೂ ರಸ್ತೆ ಬದಿಯಲ್ಲಿ ಸಿಗುತ್ತದೆ. ತೊಟ್ಟು ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. ಗಲ್ಲದ ಪಟ್ಟಿ ಕಟ್ಟದಿದ್ದರೆ ಬಿದ್ದ ಕೂಡಲೇ ಅದು ತಲೆಗಿಂತ ಮೊದಲು ಉರುಳಿ ಹೋಗುತ್ತದೆ. ಅಪ್ಪನ ಹೆಲ್ಮೆಟ್ ಮಗನಿಗಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದು ಮತ್ತೆ ಬೇಡ. ಇಷ್ಟನ್ನು ಪಾಲಿಸಿದರೆ ಎಷ್ಟು ಲಾಭ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ, ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಶೇಕಡ 42ರಷ್ಟೂ ತಲೆಗೆ ಗಾಯವಾಗುವ ಅಪಾಯ ಶೇಕಡ 69ರಷ್ಟೂ ತಗ್ಗುತ್ತದೆಂದು ಹೇಳಿತು.

ದಪ್ಪ ಜಾಕೆಟ್ಟು, ಕೈಗವಸು, ಬೂಟುಗಳ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳಲಾರೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಚರ್ಮದ ಜಾಕೆಟ್ ತೊಡಿ ಎಂದು ಯಾರಿಗೆ ಹೇಳುವುದು? ದಿನಾಲೂ ದೂರ ಹೋಗುವವರಿಗೆ ಗಾಳಿಯಾಡುವ ಬಲೆಬಟ್ಟೆಯ ಜಾಕೆಟ್ಟುಗಳು ಬಂದಿವೆ. ಭುಜ, ಮೊಣಕೈ, ಬೆನ್ನಿಗೆ ಒಳಗೆ ಗಟ್ಟಿ ಮೆತ್ತೆಗಳಿರುತ್ತವೆ. ದುಡ್ಡು ಕೊಟ್ಟ ಮಾತ್ರಕ್ಕೆ ರಕ್ಷಣೆ ಸಿಕ್ಕಿತೆಂದೂ ಅಲ್ಲ. ಆಸ್ಟ್ರೇಲಿಯದಲ್ಲಿ ಅಪಘಾತಕ್ಕೆ ಸಿಕ್ಕಿದ ಸವಾರರನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಉಡುಪು ತೊಟ್ಟವರು ಆಸ್ಪತ್ರೆಗೆ ಸೇರಿದ್ದು ಕಡಿಮೆ ಎಂದು ಕಂಡುಬಂತು. ಜೊತೆಗೆ, ಬೈಕಿಗೆಂದೇ ಮಾರಿದ ಜಾಕೆಟ್ಟುಗಳಲ್ಲಿ ಶೇಕಡ 30ರಷ್ಟು ಬಿದ್ದ ಹೊಡೆತಕ್ಕೆ ಹರಿದುಹೋಗಿದ್ದವು ಎಂಬುದೂ ಕಂಡಿತು. ಅಷ್ಟು ಖರ್ಚು ಮಾಡಲಾಗದವರು ಕನಿಷ್ಠ ಹವಾಯಿ ಚಪ್ಪಲಿ ಬಿಟ್ಟು ಕಾಲುಗಂಟು ಮುಚ್ಚುವ ಬೂಟು ಹಾಕಲಿ, ತುಂಬುತೋಳಿನ ದಪ್ಪ ಅಂಗಿ ತೊಡಲಿ, ಕೈಗವಸು ಕೊಳ್ಳಲಿ. ಬೀಳುವಾಗ ನಾವೆಲ್ಲ ಮೊದಲು ಊರುವುದು ಅಂಗೈ. (ಮೈತುಂಬ ರಕ್ಷೆ ತೊಟ್ಟು ಭಾನುವಾರ ಬೆಳಿಗ್ಗೆ ಘಾಟಿಯ ತಿರುವುಗಳಲ್ಲಿ ಪಂದ್ಯ ಕಟ್ಟುವವರ ಮಾತು ಇಲ್ಲಿ ಬೇಡ. ವೇಗದ ಮೋಹದಿಂದ ತಮ್ಮ ಮತ್ತು ಪರರ ಜೀವವನ್ನು ಅಪಾಯಕ್ಕೆ ಒಡ್ಡುವವರು ಗಂಭೀರ ದೋಷಕ್ಕೆ ಗುರಿಯಾಗುತ್ತಾರೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ನೇರವಾಗಿಯೇ ತಿಳಿಸಿದೆ.)

ಹೆಚ್ಚು ಯೋಚಿಸಬೇಕಾದದ್ದು ಇನ್ನೊಂದಿದೆ: ಕಾಣಿಸಿಕೊಳ್ಳುವ ಉಡುಪು. ಅಮೆರಿಕದ ಲಾಸ್ ಏಂಜಲಿಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಹ್ಯಾರಿ ಹರ್ಟ್ ಎಂಬ ಸಂಶೋಧಕರು 1981ರಲ್ಲಿ ವರದಿ ಕೊಟ್ಟರು. ಬೈಕಿಗೂ ಬೇರೆ ವಾಹನಕ್ಕೂ ಡಿಕ್ಕಿಯಾದ ಪ್ರಕರಣಗಳಲ್ಲಿ ಎದುರಿನ ಚಾಲಕ ಬೈಕನ್ನು ಗಮನಿಸದೇ ಹೋದದ್ದೇ ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊಳೆಯುವ ಉಡುಪು ತೊಟ್ಟವರಿಗೆ ಗಾಯದ ಅಪಾಯ ಶೇಕಡ 37ರಷ್ಟು ಕಡಿಮೆ. ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿಯ ಹೆಲ್ಮೆಟ್ ತೊಟ್ಟವರಿಗೆ ಶೇಕಡ 24ರಷ್ಟು ಕಡಿಮೆ. ಆದರೆ ನಮ್ಮ ಅಂಗಡಿಗಳಲ್ಲಿ ಎಲ್ಲರೂ ಕೇಳುವುದು ಕಪ್ಪು ಹೆಲ್ಮೆಟ್ಟೇ.

ಈ ಹೊಳಪಿನಲ್ಲಿ ಎರಡು ಬಗೆಯಿದೆ, ಕೊಳ್ಳುವವರು ಅದನ್ನು ತಿಳಿದಿರಬೇಕು. ಕಣ್ಣು ಕುಕ್ಕುವ ಹಸಿರು-ಹಳದಿ, ಕಿತ್ತಳೆಯ ಫ್ಲೋರೆಸೆಂಟ್ ಬಣ್ಣಗಳು ಹಗಲಿನಲ್ಲಿ, ಮೋಡ ಕವಿದಾಗ, ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣುತ್ತವೆ. ಸೂರ್ಯನ ಬೆಳಕಿಲ್ಲದಿದ್ದರೆ ಅವುಗಳ ಆಟ ನಡೆಯದು. ರಾತ್ರಿಗೆ ಬೇಕಾದದ್ದು ನಾವು ರೇಡಿಯಂ ಎಂದು ಕರೆಯುವ ಬೂದುಬಣ್ಣದ ಪಟ್ಟಿ. ಅದು ತನ್ನಷ್ಟಕ್ಕೆ ಬೆಳಗುವುದಿಲ್ಲ, ಬಿದ್ದ ಬೆಳಕನ್ನು ಬಂದ ದಿಕ್ಕಿಗೇ, ಹೆಡ್‌ಲೈಟಿನ ಹಿಂದಿರುವ ಕಣ್ಣಿಗೇ ಮರಳಿಸುತ್ತದೆ. ಒಂದಿದ್ದರೆ ಸಾಲದು, ಎರಡೂ ಬೇಕು. ಬೆನ್ನಿಗೆ ಚೀಲ ಹಾಕಿದರೆ ಅಂಗಿಯ ಪಟ್ಟಿ ಮುಚ್ಚಿಹೋಗುತ್ತದೆ, ಆದ್ದರಿಂದ ಚೀಲದ ಮೇಲೂ ಬೇಕು. ಕರಾವಳಿ, ಮಲೆನಾಡಿನ ಓದುಗರಿಗೆ ಇದು ಜೂನ್ ತಿಂಗಳ ಪ್ರಶ್ನೆ. ಆಕಾಶ ಕಪ್ಪು, ರಸ್ತೆ ಕಪ್ಪು, ಕಾರಿನ ಗಾಜಿನ ಮೇಲೆ ನೀರು. ಅದರ ನಡುವೆ ಕಪ್ಪು ರೈನ್‌ಕೋಟಿನ ಬೈಕು ಸವಾರ.

ಈ ಅಂಗಿ ಇನ್ನೂರು-ಮುನ್ನೂರು ರೂಪಾಯಿಗೆ ಸಿಗುತ್ತದೆ, ಹಾಗಿದ್ದೂ ತೊಡುವವರು ಕಡಿಮೆ. ಕಾರಣ ಕೇಳಿದರೆ ಬರುವ ಉತ್ತರ ಬೇಸರ ತರಿಸುತ್ತದೆ: "ಅದು ರಸ್ತೆ ಗುಡಿಸುವವರ ಅಂಗಿ." ಪೌರಕಾರ್ಮಿಕರಿಗೂ ರಸ್ತೆ ಕೆಲಸದವರಿಗೂ ಅದನ್ನು ಕೊಟ್ಟಿರುವುದು ಅವರ ಜೀವ ಉಳಿಯಲೆಂದು. ಅವರಂತೆ ಕಾಣುವುದು ಅವಮಾನವೆಂದು ತೋರಿದರೆ ಕೊರತೆ ಅಂಗಿಯಲ್ಲಿಲ್ಲ. ಜನ ನಮ್ಮನ್ನು ನೋಡಲಿ ಎಂದು ಎಷ್ಟೋ ಉಡುತ್ತೇವೆ. ಲಾರಿಯವನಿಗೆ ಕಾಣಲಿ ಎಂದು ಉಡಲು ನಾಚುತ್ತೇವೆ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಹೀಗೆಲ್ಲ ಹೇಳಿದರೆ ಕಾರಿನವನ ತಪ್ಪನ್ನು ಬೈಕಿನ ಬಡವನ ಮೇಲೆ ಹೊರಿಸಿದಂತಾಗುವುದಿಲ್ಲವೇ? "ನನಗೆ ಕಾಣಲಿಲ್ಲ" ಎಂದವನು "ನಾನು ನೋಡಲಿಲ್ಲ" ಎನ್ನಬೇಕಾದ ಸಂದರ್ಭಗಳು ಬಹಳ. ವ್ಯಾಟಿಕನ್ 2007ರಲ್ಲಿ ಹೊರಡಿಸಿದ ರಸ್ತೆ ಸಂಚಾರದ ಮಾರ್ಗದರ್ಶನದಲ್ಲಿ ಚಾಲಕರಿಗೆಂದು ಹತ್ತು ಕಟ್ಟಳೆಗಳಿವೆ. ರಸ್ತೆಯಲ್ಲಿ ದುರ್ಬಲರಾದವರನ್ನು ಕಾಪಾಡಬೇಕೆಂಬುದು ಅವುಗಳಲ್ಲಿ ಒಂಬತ್ತನೆಯದು. ಕಾರು ಇರುವ ಓದುಗರು ಇದನ್ನು ತಮಗೇ ಹೇಳಿದ್ದೆಂದು ತಿಳಿಯಬೇಕು: ಅಡ್ಡರಸ್ತೆಯಿಂದ ಹೊರಬರುವಾಗ ಒಮ್ಮೆ ನೋಡಿದ್ದು ಸಾಲದು, ಮತ್ತೊಮ್ಮೆ ನೋಡಬೇಕು. ಬೈಕಿನಲ್ಲಿ ಹುಡುಗರನ್ನು ಕೆಲಸಕ್ಕೆ ಕಳಿಸುವ ಅಂಗಡಿ, ಏಜೆನ್ಸಿಗಳ ಯಜಮಾನರಿಗೂ ಮಾಳಿಗೆಯ ಕಟ್ಟಳೆ ಅನ್ವಯಿಸುತ್ತದೆ. ಹೆಲ್ಮೆಟ್ಟೂ ಹೊಳೆಯುವ ಅಂಗಿಯೂ ಅವರು ಕೊಡಬೇಕಾದವು, ಸಂಬಳದಲ್ಲಿ ಹಿಡಿಯಬೇಕಾದವಲ್ಲ. ಆದರೆ ಎದುರಿನವನು ಸರಿಯಾಗುವ ತನಕ ನಮ್ಮ ಹಿಂದೆ ಕುಳಿತ ಮಗು ಕಾಯುವಂತಿಲ್ಲ.

ಮದುವೆಗೆ, ದೃಢೀಕರಣಕ್ಕೆ ಏನು ಉಡುಗೊರೆ ಕೊಡುವುದೆಂದು ತಲೆ ಕೆಡಿಸಿಕೊಳ್ಳುತ್ತೇವಲ್ಲ? ಬೈಕಿರುವ ಮನೆಯ ಹೊಸ ಜೋಡಿಗೆ ಗೋಡೆ ಗಡಿಯಾರದ ಬದಲು ಎರಡು ಬಿಳಿ ಹೆಲ್ಮೆಟ್ ಕೊಡಬಹುದು, ವಧುವಿನದನ್ನು ಅವಳ ತಲೆಯ ಅಳತೆಗೇ ನೋಡಿ. ಮನೆಯಲ್ಲಿರುವ ಕಪ್ಪು ರೈನ್‌ಕೋಟನ್ನು ಎಸೆಯಬೇಕಾಗಿಲ್ಲ. ಬಟ್ಟೆಗೆ ಹೊಲಿಯುವ ರೇಡಿಯಂ ಪಟ್ಟಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬೆನ್ನಿಗೆ ಅಡ್ಡಲಾಗಿ ಒಂದು, ತೋಳುಗಳಿಗೆ ಒಂದೊಂದು, ಮಗುವಿನ ಶಾಲೆಯ ಚೀಲಕ್ಕೆ ಇನ್ನೊಂದು. ಮಳೆ ಹಿಡಿಯುವ ಮುಂಚೆ ಕೊಟ್ಟರೆ ದರ್ಜಿಗೆ ಅರ್ಧ ಗಂಟೆಯ ಕೆಲಸ. ಸೂಜಿಯ ತೂತಿನಿಂದ ನೀರು ಇಳಿಯದಂತೆ ಒಳಗಿನಿಂದ ಅಂಟುಪಟ್ಟಿ ಹಾಕಲು ಮಾತ್ರ ನೆನಪಿಸಿ.