ಟಾಕಿಯ ತಳ

ನಮ್ಮ ಹಳೇ ಪೆಟ್ರೋಲ್ ಜೀಪು ಬಿದ್ರಿ ಸಕ್ಕರಿ ಕಾರ್ಖಾನೆಯ ದಾರಿಯೊಳಗ ಪದೇ ಪದೇ ನಿಲ್ಲುತ್ತಿತ್ತು. ಕಾರ್ಬೊರೇಟರ್ ಬಿಚ್ಚಿ ಜೆಟ್ಟಿನ ತೂತು ಊದಿದರ ಎರಡು ದಿನ ಓಡುತ್ತಿತ್ತು. ದೋಷ ಟಾಕಿಯೊಳಗಿತ್ತು. ಬಹಳ ದಿನ ಅರ್ಧ ಖಾಲಿ ನಿಂತ ಟಾಕಿಯಲ್ಲಿ ಗಾಳಿಯ ತೇವ ನೀರಾಗುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳ ಸೇರಿ ತುಕ್ಕು ಹಿಡಿಸುತ್ತದೆ. ಆ ತುಕ್ಕೇ ಬಂದು ಜೆಟ್ಟು ಕಟ್ಟುತ್ತದೆ.

ಕೊಳ್ಳುವವ ಬರುವ ದಿನ ಮುಂಜಾನೆ ಜೆಟ್ಟು ಊದಿಟ್ಟೆ. ಗಾಡಿ ಚಲೋ ಓಡಿತು. ಅವ ರೊಕ್ಕ ಎಣಿಸತೊಡಗಿದ. ನಾನು ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದೆ ಅಷ್ಟ. ಆದರ ರಾತ್ರಿ ಭಜನಿಯೊಳಗ ಸತ್ಯದ ಪದ ಹಾಡುವ ಬಾಯಿ ಇದು.

“ತಡಿ ತಮ್ಮಾ, ಟಾಕಿ ತುಕ್ಕು ಹಿಡದೈತಿ” ಅಂದೆ. ಅವ ರೊಕ್ಕ ಕಿಸೆಗೆ ಹಾಕಿಕೊಂಡು ಹೋದ.

“ಅವ ಕೇಳಿರಲಿಲ್ಲ, ನೀ ಯಾಕ ಹೇಳಿದಿ?” ಅಂತ ಮಗ ಸಿಟ್ಟಾದ. ಗೊತ್ತಿದ್ದವ ಹೇಳದಿದ್ದರ, ಗೊತ್ತಿಲ್ಲದವ ಏನಂತ ಕೇಳಬೇಕು?