ಅತಿಭಾರಾರೋಪಣ

ಕ್ರೌರ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತಿದ ದೊಣ್ಣೆ, ಬಿಗಿದ ಸರಪಳಿ, ಬರಿದಾದ ತಟ್ಟೆ. ತುಪ್ಪ ಸವರಿದ ಚಪಾತಿಯನ್ನು ತುಂಡು ತುಂಡಾಗಿ ಮುರಿದು ನಾಯಿಯ ಬಾಯಿಗಿಡುವ ಕೈಯೂ ಅದೇ ಪಂಕ್ತಿಯಲ್ಲಿ ನಿಲ್ಲತಕ್ಕದ್ದೇ ಎಂದು ಯಾರಾದರೂ ಕೇಳಿದರೆ, ಅದನ್ನು ವಿತಂಡವಾದವೆಂದು ನಕ್ಕು ತಳ್ಳಿಹಾಕುವವರೇ ಹೆಚ್ಚು.

ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, ನೀರಾ ನದಿಯ ದಡದಲ್ಲಿ, ಒಂದು ಕಾಲಕ್ಕೆ ಪಂತ ಸಚಿವರ ಸಂಸ್ಥಾನದ ರಾಜಧಾನಿಯಾಗಿದ್ದು 1948ರಲ್ಲಿ ವಿಲೀನವಾದ ಭೋರ್ ಎಂಬ ಊರಿನ ಸುತ್ತಮುತ್ತ ಈಗ ಎರಡು ಬಗೆಯ ನಾಯಿಗಳನ್ನು ಕಾಣಬಹುದು. ಸಹ್ಯಾದ್ರಿಯ ಇಳಿಜಾರುಗಳಲ್ಲಿ ಧನಗರರ ದನಕುರಿಗಳ ಹಿಂದೆ ದಿನವಿಡೀ ನಡೆದು, ಸಂಜೆಗೆ ಸಿಕ್ಕಿದ ಭಾಕ್ರಿಯನ್ನು ತಿಂದು, ರಾತ್ರಿ ಚಿರತೆಯ ವಾಸನೆಗೆ ಕಿವಿ ನಿಮಿರಿಸುವ ನಾಯಿಗಳು ಒಂದು ಬಗೆ. ಭಾಟಘರ್ ಜಲಾಶಯದ ಹಿನ್ನೀರಿನ ಬಳಿ ಪುಣೆಯ ಅನುಕೂಲಸ್ಥರು ಕಟ್ಟಿಸಿಕೊಂಡ ತೋಟದ ಮನೆಗಳಿಗೆ ಕಾರಿನಲ್ಲಿ ಬಂದು ಕಾರಿನಲ್ಲಿಯೇ ಹಿಂದಿರುಗುವ ನಾಯಿಗಳು ಇನ್ನೊಂದು ಬಗೆ. ಅಂಥದೊಂದು ಮನೆಯಲ್ಲಿ, ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದ ಕುಟುಂಬವೊಂದರ ಲ್ಯಾಬ್ರಡಾರ್ ನಾಯಿಯನ್ನು ನಾನು ಕಂಡೆ. ಜಗುಲಿಯ ಮೂರು ಮೆಟ್ಟಿಲನ್ನು ಏರುವಷ್ಟರಲ್ಲಿ ಅದು ಎರಡು ಸಲ ನಿಂತು ಏದುಸಿರು ಬಿಟ್ಟಿತು. ಬೆನ್ನು ಸವರಿದರೆ ಪಕ್ಕೆಲುಬೊಂದೂ ಕೈಗೆ ಹತ್ತದು. ಸೊಂಟವೆಂಬ ಅಂಗವೇ ಲುಪ್ತವಾಗಿತ್ತು. ಮನೆಯಾಕೆ, "ಅದರ ಮಾರಿ ನೋಡಿದ್ರ ಇಲ್ಲ ಅನ್ನಾಕ ಮನಸ್ಸ ಬರಂಗಿಲ್ರೀ" ಎಂದರು. ಆಕೆಯನ್ನು ಕ್ರೂರಿಯೆಂದು ಕರೆಯಬಲ್ಲವನು ಮನುಷ್ಯಸ್ವಭಾವವನ್ನರಿಯದವನೇ ಸರಿ.

ಆದರೂ ನ್ಯಾಯಸ್ಥಾನವೊಂದು ಈ ಪ್ರಶ್ನೆಯನ್ನು ನಿಷ್ಠುರವಾಗಿ ನಿರ್ಣಯಿಸಿದ್ದುಂಟು. ಪ್ರಾಯದ ಗಂಡು ಲ್ಯಾಬ್ರಡಾರ್ 30ರಿಂದ 36 ಕಿಲೋಗ್ರಾಂ ತೂಗಬೇಕಾದಲ್ಲಿ, ತಮ್ಮ ನಾಯಿಯನ್ನು 70 ಕಿಲೋಗ್ರಾಂ ಮೀರಲು ಬಿಟ್ಟ ಇಬ್ಬರು ಸಹೋದರರು ಅದಕ್ಕೆ ಅನಾವಶ್ಯಕವಾದ ವೇದನೆಯನ್ನುಂಟುಮಾಡಿದರೆಂದು 2007ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಪಾಯಿತು. ರುಕ್ಮಿಣೀದೇವಿ ಅರುಂಡೇಲ್ ಅವರ ಪರಿಶ್ರಮದ ಫಲವಾಗಿ ಬಂದ ನಮ್ಮ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಾದರೋ ಸಾಕಷ್ಟು ಅನ್ನನೀರು ಕೊಡದಿರುವುದನ್ನೂ, ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಮಾಡಿಸದಿರುವುದನ್ನೂ ಅಪರಾಧವೆಂದು ಹೆಸರಿಸಿ, ಅತಿಯಾಗಿ ಉಣಿಸುವುದರ ವಿಷಯದಲ್ಲಿ ಮೌನ ವಹಿಸಿದೆ. ಮೊದಲ ಅಪರಾಧಕ್ಕೆ ಅದು ವಿಧಿಸುವ 10ರಿಂದ 50 ರೂಪಾಯಿಯ ದಂಡಕ್ಕಿಂತ ಜಗುಲಿಯ ಆ ನಾಯಿ ವಾರದಲ್ಲಿ ತಿನ್ನುವ ಬಿಸ್ಕತ್ತಿನ ಬೆಲೆಯೇ ಹೆಚ್ಚಾದೀತು.

ಕಾಯಿದೆಯನ್ನು ಬಿಟ್ಟು ಧರ್ಮಗ್ರಂಥಗಳ ಕಡೆಗೆ ತಿರುಗಿದರೆ, ಅಲ್ಲಿ ಹಸಿದ ನಾಯಿಯ ಚಿಂತೆಯೇ ಕಾಣುತ್ತದೆ. ಗೃಹಸ್ಥನು ತಾನುಣ್ಣುವ ಮೊದಲು ನಾಯಿಗೂ ಕಾಗೆಗೂ ತುತ್ತನ್ನಿಡಬೇಕೆಂಬ ವಿಧಿ ಹುಟ್ಟಿದ ಕಾಲದಲ್ಲಿ ನಾಯಿ ಬೊಜ್ಜಿನಿಂದ ನರಳುವ ಸಂಭವವೇ ಇದ್ದಿರಲಾರದು. ಧರ್ಮರಾಯನ ನಾಯಿಯ ಕಥೆಯನ್ನು ಇಲ್ಲಿ ಎಳೆದುತರುವುದು ಸುಲಭ. ಆದರೆ ಆ ನಾಯಿಗೆ ದಾರಿಯಲ್ಲಿ ಏನು ಉಣಿಸಿದರೆಂಬುದನ್ನು ವ್ಯಾಸರು ತಿಳಿಸಿಲ್ಲ. ನಮ್ಮವರೇ ಕಲ್ಲಿನಲ್ಲಿ ಕೊರೆಯಿಸಿದ ನಾಯಿಯೊಂದುಂಟು. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ, ಅರಸನು ಮೆಚ್ಚಿ ವರ ಬೇಡೆಂದಾಗ ಮಣಲೇರನೆಂಬ ವೀರನು ಭೂಮಿಯನ್ನು ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಅದು ಹಂದಿಯೊಡನೆ ಹೋರಾಡಿ, ಎರಡೂ ಮಡಿದುವೆಂದೂ ಹೇಳಿದೆ. ಬೇಟೆಯನ್ನು ನಾನು ಸಮರ್ಥಿಸಲಾರೆ. ಹಿಂಸೆ ಅಲ್ಲಿ ನಿಚ್ಚಳವಾಗಿಯೇ ಇದೆ. ಆದರೂ ಕಾಳಿ ನಾಯಿಯಾಗಿಯೇ ಬದುಕಿತು, ನಾಯಿಯಾಗಿಯೇ ಸತ್ತಿತು. ಜಗುಲಿಯ ಲ್ಯಾಬ್ರಡಾರಿಗೆ ಓಡುವ, ಮೂಸುವ, ಜಿಗಿಯುವ ಸ್ವಧರ್ಮವೇ ನಷ್ಟವಾಗಿದೆ.

ಈ ಜಿಜ್ಞಾಸೆಗೆ ನೇರವಾದ ಬೆಳಕು ನನಗೆ ದೊರೆತದ್ದು ಜೈನರಲ್ಲಿ. ಗೃಹಸ್ಥರ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು, ಎಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಎಣಿಸುತ್ತದೆ: ಕಟ್ಟುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಅತಿಭಾರವನ್ನು ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಅತಿಭೋಜನ ಈ ಪಟ್ಟಿಯಲ್ಲಿಲ್ಲವೆಂಬುದು ಮೇಲುನೋಟದ ಮಾತು. ನಾಲ್ಕನೆಯದನ್ನು ಹೇಳುವಾಗ ಪ್ರಾಚೀನರ ಮನಸ್ಸಿನಲ್ಲಿದ್ದುದು ನ್ಯಾಯವಾದುದಕ್ಕಿಂತ ಹೆಚ್ಚಿನ ಮೂಟೆಗಳನ್ನು ಹೊತ್ತ ಎತ್ತು. ಎತ್ತಿನ ಮೂಟೆಯನ್ನಾದರೋ ಸಂಜೆ ಇಳಿಸುತ್ತಾರೆ. 70 ಕಿಲೋಗ್ರಾಮಿನ ನಾಯಿ ಹೊತ್ತಿರುವುದು ಇನ್ನೊಂದು ನಾಯಿಯಷ್ಟು ಭಾರವನ್ನು. ಅದನ್ನು ಮೇಲೆ ಹೊರಿಸಿದವನು ಒಡೆಯ, ಮತ್ತು ನಿದ್ರೆಯಲ್ಲಿಯೂ ಅದು ಇಳಿಯದು. ಹಿಂಸೆಯ ಮೂಲವನ್ನು ಆ ಶಾಸ್ತ್ರಕಾರರು ದ್ವೇಷವೊಂದರಲ್ಲಿಯೇ ಹುಡುಕದೆ ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ, ಕಂಡರು. ಆದುದರಿಂದ ಆ ಮನೆಯಾಕೆ ಕ್ರೂರಿಯಲ್ಲವೆಂದೂ, ಆಕೆಯ ಕೈಯಿಂದ ನಡೆಯುತ್ತಿರುವುದು ಹಿಂಸೆಯೇ ಎಂದೂ ಏಕಕಾಲದಲ್ಲಿ ಹೇಳಲು ನನಗೆ ಅಡ್ಡಿ ತೋರುವುದಿಲ್ಲ. ಕೊಡುವವರ ಹೃದಯದ ಮಾರ್ದವವು ತಿನ್ನುವ ಪ್ರಾಣಿಯ ಮಂಡಿಯ ಕೀಲಿಗೆ ಇಳಿಯುವುದಿಲ್ಲವಷ್ಟೆ.

ನಾಯಿಯೇ ಬೇಡುತ್ತದಲ್ಲ ಎಂಬ ಸಮಾಧಾನವೊಂದುಂಟು. ಲ್ಯಾಬ್ರಡಾರ್ ತಳಿಯ ಅನೇಕ ನಾಯಿಗಳಲ್ಲಿ ಹಸಿವೆಯನ್ನು ಹತೋಟಿಯಲ್ಲಿಡುವ ಜೀನಿನ ಒಂದು ತುಣುಕೇ ಲೋಪವಾಗಿದೆಯೆಂದು ಕೇಂಬ್ರಿಡ್ಜಿನ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ಎಂದ ಮೇಲೆ ಅದರ ಬೇಡಿಕೆ ಅದರ ಹಿತಕ್ಕೆ ಸಾಕ್ಷಿಯಾಗಲಾರದು. ಮನುಷ್ಯನು ಹೊಟ್ಟೆ ತುಂಬುವ ಮೊದಲೇ ಕೈ ತೊಳೆದುಕೊಳ್ಳುವ ಅವಮೌದರ್ಯವ್ರತವನ್ನು ಹಿಡಿಯಬಲ್ಲ, ನಾಯಿಗೆ ವ್ರತವಿಲ್ಲ. ಅದರ ಪರವಾಗಿ ವ್ರತ ಹಿಡಿಯಬೇಕಾದವನು ಅದರ ತಟ್ಟೆಗೆ ಬಡಿಸುವವನು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಮೆ ಉಣಿಸುತ್ತ ಬಂದಾಗ, ಕಡಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದುವು. ಕೀಲುಬೇನೆಯೂ ಅವಕ್ಕೆ ತಡವಾಗಿ ಬಂದಿತು.

ಚಿಕಿತ್ಸೆಯ ಮಾತು ಬಂದಾಗ ಮಾತ್ರ ತೊಡಕು ಹೊಸ ರೂಪವನ್ನು ತಾಳುತ್ತದೆ. ನಾಲ್ಕನೆಯ ಅತಿಚಾರದಿಂದ ನಾಯಿಯನ್ನು ಬಿಡಿಸಬೇಕಾದರೆ ಒಡೆಯನು ಐದನೆಯದರ ಹೊಸ್ತಿಲಿಗೆ ಬಂದು ನಿಲ್ಲಬೇಕು: ಅನ್ನವನ್ನು ತಡೆಯಬೇಕು, ಅದೂ ಮುಖವನ್ನೇ ನೋಡುತ್ತಿರುವ ಕಣ್ಣುಗಳೆದುರಿಗೆ. ಒಮ್ಮೆಗೇ ತಡೆದರೆ ಅದೂ ಹಿಂಸೆಯೇ. ಆದುದರಿಂದಲೇ ಪಶುವೈದ್ಯರು ತಿಂಗಳುಗಟ್ಟಲೆಯ ಅವಧಿಯನ್ನಿಟ್ಟು, ಅಳತೆಯ ಲೋಟ ಹಿಡಿದು, ಸ್ವಲ್ಪಸ್ವಲ್ಪವಾಗಿ ಇಳಿಸಿರೆನ್ನುತ್ತಾರೆ. ಆ ತಿಂಗಳುಗಳಲ್ಲಿ ನಾಯಿಯ ದೃಷ್ಟಿಯಲ್ಲಿ ಆ ಮನೆಯಾಕೆಯೇ ಕ್ರೂರಿ.