ಕರ್ನಲ್‌ನಲ್ಲಿ ಮೆಶ್: ‘ಎಂ’ ಪಕ್ಷದ ಸಮರ್ಥನೆ

ವಿಷಯ ಇದು. ಭಾರತ್‌ನೆಟ್ ಯೋಜನೆಯ ಮೂಲ ಗುರಿ ಗ್ರಾಮ ಪಂಚಾಯಿತಿವರೆಗೆ ಫೈಬರ್ ಎಳೆಯುವುದು. ಆವತಿಯಂಥ ಬೆಟ್ಟದ ಊರಿನಲ್ಲಿ ಅಲ್ಲಿಂದ ಮುಂದಿನ ದಾರಿಯೇ ಕಷ್ಟ. ಬಂಡೆಬೆಟ್ಟ ಅಡ್ಡ ನಿಂತರೆ ವೈಫೈ ದಾಟುವುದಿಲ್ಲ. ಶಾಲೆ, ಡೇರಿ, ತೋಟದ ಮನೆ ಎಂದು ರೂಟರಿನಿಂದ ರೂಟರಿಗೆ ದಾಟಿಸುತ್ತಾ ಬೆಟ್ಟವನ್ನು ಸುತ್ತಿ ಹೋಗುವ ಜಾಲವೇ ಮೆಶ್. ತುಮಕೂರಿನ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಸಂಸ್ಥೆ ಇಂಥ ಸಮುದಾಯ ಜಾಲ ಕಟ್ಟಿದೆ. ಮೆಶ್‌ಗೆ ಒದಗುವ ‘ಬ್ಯಾಟ್‌ಮನ್-ಅಡ್ವ್’ ಎಂಬ ರೂಟಿಂಗ್ ಪ್ರೊಟೊಕಾಲ್ 2011ರ 2.6.38 ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನ ಮೂಲದಲ್ಲೇ ಇದೆ.

ಸಂಶಯ: ಮೂಲದಲ್ಲಿದ್ದ ಮಾತ್ರಕ್ಕೆ ಕೈಗೆ ಸಿಗುವುದಿಲ್ಲ. ಕರ್ನಲ್ ಕಂಪೈಲ್ ಮಾಡುವವರು ‘ವೈ’ ಎಂದರೆ ಅದು ಒಳಗೇ ಬೆಸೆದುಕೊಳ್ಳುತ್ತದೆ, ‘ಎಂ’ ಎಂದರೆ ಬೇಕಾದಾಗ ಲೋಡ್ ಆಗುವ ಮಾಡ್ಯೂಲ್ ಆಗುತ್ತದೆ, ‘ಎನ್’ ಎಂದರೆ ಇಲ್ಲವೇ ಇಲ್ಲ. ‘ಎನ್’ ಇರುವ ಕಡೆ ‘ಎಂ’ ಮಾಡಿಕೊಡಿ ಎಂದು ಅವರನ್ನು ಕೇಳುವುದು ಸರಿಯೇ?

ಕೆಲವರ ಅಗತ್ಯಕ್ಕೆ ಎಲ್ಲರ ಮೇಲೂ ಹೊರೆಯೇಕೆ ಎಂಬುದು ಮೊದಲ ಆಕ್ಷೇಪ. ಆದರೆ ಲೋಡ್ ಆಗದ ಮಾಡ್ಯೂಲ್ ಡಿಸ್ಕಿನಲ್ಲಿ ಒಂದು ಫೈಲ್ ಮಾತ್ರ, ಮೆಮೊರಿ ತಿನ್ನುವುದಿಲ್ಲ. ಕೆಲವೇ ಎಂಬಿ ಫ್ಲಾಶ್ ಇರುವ ರೂಟರಿನಲ್ಲಿ ಈ ಆಕ್ಷೇಪಕ್ಕೆ ಬೆಲೆಯಿದೆ, ಶಾಲೆಯ ಕಂಪ್ಯೂಟರಿನಲ್ಲಿ ಇಲ್ಲ.

ಬೇಕಾದವರು ತಾವೇ ಕಂಪೈಲ್ ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಹಾಗೆ ಮಾಡಿದವರು ಪ್ರತಿ ಭದ್ರತಾ ಅಪ್‌ಡೇಟ್ ಬಂದಾಗಲೂ ಮತ್ತೆ ಕಂಪೈಲ್ ಮಾಡಬೇಕು. ಸೆಕ್ಯೂರ್ ಬೂಟ್ ಇದ್ದರೆ ಸಹಿಯ ಕೀಲಿಯನ್ನೂ ತಾವೇ ಸೇರಿಸಬೇಕು. ಊರಿನ ಜಾಲ ನೋಡಿಕೊಳ್ಳುವ ಹುಡುಗನೊಬ್ಬ ಕೆಲಸದ ಮೇಲೆ ಬೆಂಗಳೂರಿಗೆ ಹೋದರೆ ಹಳೆಯ ಕರ್ನಲ್ ಹಾಗೇ ಉಳಿದುಬಿಡುತ್ತದೆ. ಇದು ಭದ್ರತೆಗೇ ಪೆಟ್ಟು.

ಮಾಡ್ಯೂಲ್ ಹೆಚ್ಚಿದಷ್ಟೂ ದೋಷ ಹೆಚ್ಚು ಎಂಬ ಭದ್ರತೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು. ಅಪರೂಪದ ಪ್ರೊಟೊಕಾಲ್ ಡಿಸಿಸಿಪಿಯಲ್ಲಿ 2005ರಿಂದ ಅಡಗಿದ್ದ ದೋಷ ಬಯಲಾದದ್ದು 2017ರ ಫೆಬ್ರುವರಿಯಲ್ಲಿ. ಅದನ್ನು ಬಳಸಿ ಸಾಮಾನ್ಯ ಬಳಕೆದಾರನೂ ಯಂತ್ರದ ಪೂರ್ಣ ಅಧಿಕಾರ ಪಡೆಯಬಹುದಿತ್ತು. ಹೆಚ್ಚಿನವರು ಬಳಸದ ಅದರ ಮಾಡ್ಯೂಲ್ ಕರೆದೊಡನೆ ತಾನಾಗಿ ಲೋಡ್ ಆಗುತ್ತಿತ್ತು. ಇದನ್ನು ಅಲ್ಲಗಳೆಯಲಾಗದು. ಆದರೆ ಇದರಿಂದ ಸಿದ್ಧವಾಗುವುದು ತಾನಾಗಿ ಲೋಡ್ ಆಗುವುದು ಅಪಾಯ ಎಂದು, ಮಾಡ್ಯೂಲ್ ಇರಲೇಬಾರದು ಎಂದಲ್ಲ. ಮಾಡ್‌ಪ್ರೋಬ್ ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದು ಅದನ್ನು ತಡೆಯಬಹುದು. ಬೇಕಾದ ಅಡ್ಮಿನ್ ಆ ಸಾಲು ತೆಗೆಯುತ್ತಾನೆ. ಡಿಸಿಸಿಪಿಗೆ ನೋಡಿಕೊಳ್ಳುವವರೇ ಇಲ್ಲದಾಗಿ 2025ರಲ್ಲಿ 6.16ರಿಂದ ಅದನ್ನು ತೆಗೆದುಹಾಕಲಾಯಿತು. ಬ್ಯಾಟ್‌ಮನ್-ಅಡ್ವ್‌ಗೆ ದಿಕ್ಕಿದೆ, ನಿರ್ವಾಹಕರಿದ್ದಾರೆ.

ಆದ್ದರಿಂದ ನಿರ್ಣಯ: ‘ವೈ’ ಕೇಳುವುದು ಅತಿ, ‘ಎಂ’ ಕೇಳುವುದು ಹಕ್ಕು. ಕೇಳುವಾಗ ಆಯ್ಕೆಯ ಹೆಸರು, ಅದು ಅವಲಂಬಿಸಿದ ಇತರ ಆಯ್ಕೆಗಳು, ಯಾವ ಊರಿನ ಯಾವ ಕೆಲಸಕ್ಕೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಕೊಟ್ಟ ಮೇಲೆ ಪ್ರತಿ ಹೊಸ ಕರ್ನಲ್‌ನಲ್ಲೂ ಪರೀಕ್ಷಿಸಿ ಫಲಿತಾಂಶ ತಿಳಿಸಿ.